ಆಟದ ಸಾಮಾನು ಮಗುವಿಗೆ ಹೊಂದಲಿ

ಕಳೆದ ಸಾಲಿನ ಅಭ್ಯಾಸ ಬೋಧನೆಯ ಸಮಯದಲ್ಲಿ ಅವಲೋಕನಕ್ಕೆಂದು ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಏಳನೇ ತರಗತಿ, ದಿನದ ಕೊನೆಯ ಅವಧಿ, ದೈಹಿಕ ಶಿಕ್ಷಣ. ಶಾಲೆಯಲ್ಲಿ ದೈಹಿಕ ಶಿಕ್ಷಕರ ಹುದ್ದೆ ಇಲ್ಲದ ಕಾರಣ ಆ ಅವಧಿಯನ್ನು ನಮ್ಮ ಪ್ರಶಿಕ್ಷಣಾರ್ಥಿಗಳೇ ಸರದಿಯಂತೆ ತೆಗೆದುಕೊಳ್ಳುತ್ತಿದ್ದರು. ಅಂದಿನ ಪಾಠ ಥ್ರೋಬಾಲ್. ಪಾಠಯೋಜನೆ ಅಚ್ಚುಕಟ್ಟಾಗಿತ್ತು. ಮೈ ಬಿಸಿ ಮಾಡುವ ಚಟುವಟಿಕೆ, ಪ್ರಾತ್ಯಕ್ಷಿಕೆ, ಗುಂಪು ಅಭ್ಯಾಸ, ಕೊನೆಗೆ ಆಟ, ಎಲ್ಲವೂ ನಿಗದಿತ ನಿಮಿಷಗಳಲ್ಲಿ ಮುಗಿದವು. ಆ ತರಗತಿಯಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಒಬ್ಬ ಹುಡುಗಿ ಇದ್ದಳು. ಬಲಗೈ, ಬಲಗಾಲು ಬಿಗಿ. ನಡೆಯುತ್ತಾಳೆ, ಆದರೆ ವೇಗವಾಗಿ ಅಲ್ಲ. ಅವಳನ್ನು ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಕೂರಿಸಿ, ಕೈಗೊಂದು ನೋಟ್‌ಬುಕ್ ಕೊಟ್ಟು ಅಂಕ ಬರೆಯಲು ಹೇಳಲಾಗಿತ್ತು. ಎಡಗೈಯಲ್ಲಿ ಅವಳು ಅಂದವಾಗಿ ಬರೆಯುತ್ತಿದ್ದಳು.

ನನ್ನ ಅವಲೋಕನ ಪತ್ರದಲ್ಲಿ ‘ವೈಯಕ್ತಿಕ ಭಿನ್ನತೆಗಳಿಗೆ ಗಮನ’ ಎಂಬ ಸಾಲಿನ ಎದುರು ನಾನು ‘ಉತ್ತಮ’ ಎಂದು ಬರೆದೆ. ಆ ಮಗುವಿಗೂ ಒಂದು ಜವಾಬ್ದಾರಿ ಕೊಟ್ಟಿದ್ದಾರಲ್ಲ ಎಂಬುದು ನನ್ನ ಲೆಕ್ಕ. ಪಾಠ ಮುಗಿದ ಮೇಲೆ ಅವಳ ಹತ್ತಿರ ಹೋಗಿ, ಅಂಕ ಚೆನ್ನಾಗಿ ಬರೆದಿದ್ದೀಯ ಎಂದೆ. ಅವಳು ಹೇಳಿದ್ದು ಇಷ್ಟೇ: “ನಾಲ್ಕನೇ ಕ್ಲಾಸಿಂದ ನಾನೇ ಸರ್ ಬರಿಯೋದು.”

ಅವಳ ದನಿಯಲ್ಲಿ ದೂರು ಇರಲಿಲ್ಲ, ಸ್ವಲ್ಪ ಹೆಮ್ಮೆಯೇ ಇತ್ತು. ಅದೇ ನನ್ನನ್ನು ಹೆಚ್ಚು ಕಾಡಿತು. ಬಸ್ಸಿನಲ್ಲಿ ಹಿಂತಿರುಗುವಾಗ ಲೆಕ್ಕ ಹಾಕಿದೆ. ವಾರಕ್ಕೆ ಎರಡೇ ಅವಧಿ ಎಂದುಕೊಂಡರೂ ನಾಲ್ಕು ವರ್ಷ ಒಂದು ಮಗು ಆಟದ ಅವಧಿಯಲ್ಲಿ ಆಡಿಲ್ಲ. ಆ ನಾಲ್ಕು ವರ್ಷಗಳಲ್ಲಿ ನಮ್ಮ ಕಾಲೇಜಿನಿಂದ ಹಲವು ತಂಡಗಳು ಆ ಶಾಲೆಗೆ ಹೋಗಿ ಬಂದಿವೆ. ಅವುಗಳ ಅವಲೋಕನಕ್ಕೆ ನಾನೂ ಹೋಗಿದ್ದೇನೆ. ಅಂದರೆ ಆ ‘ಉತ್ತಮ’ವನ್ನು ಈ ಹಿಂದೆಯೂ ಬರೆದಿರಬೇಕು. ಪ್ರಶಿಕ್ಷಣಾರ್ಥಿಯ ತಪ್ಪು ಹುಡುಕುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ ಎಂದು ಈ ಲೇಖನ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವಿಶೇಷಚೇತನ ಮಕ್ಕಳು ಆಟದಿಂದ ಹೊರಗುಳಿಯಲು ಬಹುಪಾಲು ಕಾರಣ ಅವರ ದೇಹವಲ್ಲ, ನಾವು ಅವರ ಮುಂದಿಡುವ ಸಾಮಗ್ರಿ. ಆ ಸಾಮಗ್ರಿಯನ್ನು ಮಗುವಿಗೆ ಹೊಂದುವಂತೆ ಮಾಡುವುದು ವಿಶೇಷ ಶಿಕ್ಷಕರ ಕೆಲಸವೆಂದು ಪಕ್ಕಕ್ಕಿಡುವಂಥದ್ದಲ್ಲ. ಅದು ಪಾಠಯೋಜನೆಯ ಭಾಗ. ಅದನ್ನು ಕಲಿಸದೆ ಪ್ರಶಿಕ್ಷಣಾರ್ಥಿಗಳನ್ನು ಮೈದಾನಕ್ಕೆ ಕಳುಹಿಸುವುದು ನಮ್ಮ ಲೋಪ.

ತರಗತಿಯಲ್ಲಿ ಮಾಡುವುದನ್ನು ಮೈದಾನದಲ್ಲಿ ಏಕೆ ಮಾಡುವುದಿಲ್ಲ?

ತರಗತಿಯೊಳಗೆ ನಾವು ಸಾಮಗ್ರಿಯನ್ನು ಬದಲಿಸಲು ಹಿಂಜರಿಯುವುದಿಲ್ಲ. ದೃಷ್ಟಿ ಮಂದವಿರುವ ಮಗುವಿಗೆ ದೊಡ್ಡಕ್ಷರದಲ್ಲಿ ಬರೆದುಕೊಡುತ್ತೇವೆ. ಭಿನ್ನರಾಶಿ ಅರ್ಥವಾಗದಿದ್ದರೆ ಕಾಗದ ಮಡಚಿ ತೋರಿಸುತ್ತೇವೆ. ಕಿವಿ ಕೇಳದ ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಮುಖ ಕಾಣುವಂತೆ ನಿಂತು ಮಾತನಾಡುತ್ತೇವೆ. ಮೈದಾನಕ್ಕೆ ಬಂದ ಕೂಡಲೇ ನಮಗೆ ಚೆಂಡು, ಬಲೆ, ಗೆರೆ ಎಲ್ಲವೂ ಬದಲಾಗದ ವಸ್ತುಗಳಂತೆ ಕಾಣತೊಡಗುತ್ತವೆ.

ಅವು ಬದಲಾಗದವೇನಲ್ಲ. ವಾಲಿಬಾಲ್ ಚೆಂಡಿನ ತೂಕ 260ರಿಂದ 280 ಗ್ರಾಂ, ಬಲೆಯ ಎತ್ತರ ಪುರುಷರಿಗೆ 2.43 ಮೀಟರ್, ಮಹಿಳೆಯರಿಗೆ 2.24 ಮೀಟರ್, ಬಾಸ್ಕೆಟ್‌ಬಾಲ್ ಬಳೆಯ ಎತ್ತರ 3.05 ಮೀಟರ್. ಇವೆಲ್ಲ ವಯಸ್ಕರ ಸ್ಪರ್ಧೆಗೆಂದು ಗೊತ್ತುಮಾಡಿದ ಅಳತೆಗಳು. ಐದನೇ ತರಗತಿಯ ಮಕ್ಕಳಿಗೆ ನಾವು ಬಲೆಯನ್ನು ಇಳಿಸಿಯೇ ಕಟ್ಟುತ್ತೇವೆ. ಕ್ರಿಕೆಟ್ಟನ್ನು ಟೆನಿಸ್ ಚೆಂಡಿನಲ್ಲಿ ಆಡಿಸುತ್ತೇವೆ. ಮಗುವಿನ ವಯಸ್ಸಿಗೆ ತಕ್ಕಂತೆ ಸಾಮಗ್ರಿ ಬದಲಿಸುವುದು ಸಹಜವೆನಿಸುವಾಗ, ಮಗುವಿನ ದೇಹಕ್ಕೆ ತಕ್ಕಂತೆ ಬದಲಿಸುವುದು ಮಾತ್ರ ಏಕೆ ವಿನಾಯಿತಿಯಂತೆ ಕಾಣಬೇಕು?

ಹೊಂದಿಸಿದ ಆಟ ಕಡಿಮೆ ದರ್ಜೆಯ ಆಟ ಎಂಬ ಭಾವನೆಯೂ ನಮ್ಮಲ್ಲಿದೆ. ಇದಕ್ಕೆ ಉತ್ತರ ನಮ್ಮ ನಾಡಿನಲ್ಲೇ ಇದೆ. 2012ರಲ್ಲಿ ಅಂಧರ ಮೊದಲ ಟಿ20 ವಿಶ್ವಕಪ್ ಕ್ರಿಕೆಟ್ ನಡೆದದ್ದು ಬೆಂಗಳೂರಿನಲ್ಲಿ. ಫೈನಲ್‌ನಲ್ಲಿ ಪಾಕಿಸ್ತಾನವನ್ನು ಮಣಿಸಿ ಗೆದ್ದ ಭಾರತ ತಂಡದ ನಾಯಕ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್. ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಆ ಆಟವನ್ನು ಸಾಧ್ಯವಾಗಿಸಿದ್ದು ಒಂದು ಪ್ಲಾಸ್ಟಿಕ್ ಚೆಂಡು. ಅದರೊಳಗೆ ಬೇರಿಂಗ್ ಗುಂಡುಗಳಿರುತ್ತವೆ, ಚೆಂಡು ಉರುಳಿದರೆ ಸದ್ದಾಗುತ್ತದೆ. ಸದ್ದು ಕೇಳಬೇಕಾದರೆ ಚೆಂಡು ನೆಲ ಮುಟ್ಟಿ ಬರಬೇಕು. ಆದ್ದರಿಂದ ಕೈ ಕೆಳಗಿನಿಂದ ಎಸೆಯುವ ನಿಯಮ, ಪಿಚ್ಚಿನ ಅರ್ಧ ದಾಟುವ ಮೊದಲೇ ಚೆಂಡು ಪುಟಿಯಬೇಕೆಂಬ ನಿಯಮ. ಸಾಮಗ್ರಿ ಬದಲಾದಾಗ ನಿಯಮ ಅದನ್ನು ಹಿಂಬಾಲಿಸಿತು.

ಗೋಲ್‌ಬಾಲ್ ಕೂಡ ಹಾಗೆಯೇ. ಎರಡನೇ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ 1946ರಲ್ಲಿ ರೂಪುಗೊಂಡ ಆಟ ಅದು. ಚೆಂಡಿನ ತೂಕ ಒಂದೂಕಾಲು ಕಿಲೋ, ಒಳಗೆ ಗೆಜ್ಜೆ. ಅಂಕಣದ ಗೆರೆಗಳ ಕೆಳಗೆ ದಾರ ಹಾಯಿಸಿ ಮೇಲೆ ಟೇಪು ಅಂಟಿಸಿರುತ್ತಾರೆ, ಕೈಕಾಲಿಗೆ ಗೆರೆ ತಿಳಿಯುತ್ತದೆ. ಆಡುವವರೆಲ್ಲರೂ ಕಣ್ಣುಪಟ್ಟಿ ಕಟ್ಟಿಕೊಳ್ಳುತ್ತಾರೆ. ಕುಳಿತು ಆಡುವ ವಾಲಿಬಾಲ್‌ನಲ್ಲಿ ಬಲೆ ಪುರುಷರಿಗೆ 1.15 ಮೀಟರ್‌ಗೆ, ಮಹಿಳೆಯರಿಗೆ 1.05 ಮೀಟರ್‌ಗೆ ಇಳಿಯುತ್ತದೆ. ಇವು ಯಾವುವೂ ಕರುಣೆಯ ಆಟಗಳಲ್ಲ. ಪ್ಯಾರಾಲಿಂಪಿಕ್ಸ್‌ನಲ್ಲಿ ಪದಕಕ್ಕಾಗಿ ಬೆವರಿಳಿಸಿ ಆಡುವ ಆಟಗಳು.

ನಾವು ಮಾಡಿದ ತಪ್ಪು

ಎರಡು ವಾರದ ನಂತರ ಅದೇ ಪ್ರಶಿಕ್ಷಣಾರ್ಥಿಯ ಜೊತೆ ಕೂತು ಇನ್ನೊಂದು ಪಾಠ ಯೋಜಿಸಿದೆ. ಉಳಿದವರಿಗೆ ಥ್ರೋಬಾಲ್, ಅವಳಿಗೆ ಒಂದು ಬಲೂನು ಎಂದು ತೀರ್ಮಾನಿಸಿದೆವು. ಬಲೂನು ನಿಧಾನ ಇಳಿಯುತ್ತದೆ, ಹಗುರ, ಪೆಟ್ಟಾಗುವುದಿಲ್ಲ. ತರ್ಕವೇನೋ ಸರಿಯಾಗಿತ್ತು. ಒಬ್ಬ ಗೆಳತಿಯನ್ನು ಜೊತೆಗೆ ಕೊಟ್ಟು ಮೈದಾನದ ಬದಿಯಲ್ಲಿ ಆಡಲು ಹೇಳಿದೆವು. ಅವಳು ನಾಲ್ಕೈದು ಸಲ ಬಲೂನು ತಟ್ಟಿ ಸುಮ್ಮನೆ ನಿಂತಳು. “ಇದು ಚಿಕ್ಕ ಮಕ್ಳುದು ಸರ್” ಎಂದಳು. ಜೊತೆಗಿದ್ದ ಗೆಳತಿಯ ಕಣ್ಣು ಇಡೀ ಅವಧಿ ದೊಡ್ಡ ಆಟದ ಕಡೆಗೇ ಇತ್ತು. ಕಟ್ಟೆಯ ಮೇಲಿದ್ದವಳನ್ನು ಕಟ್ಟೆಯ ಪಕ್ಕಕ್ಕೆ ತಂದಿದ್ದೆವು, ಅಷ್ಟೇ.

ಆ ಸಂಜೆ ಮಾಡಬೇಕೆಂದು ಹೊಳೆದದ್ದು ಮೊದಲೇ ಮಾಡಬೇಕಾಗಿದ್ದ ಕೆಲಸ. ಅವಳನ್ನೇ ಕೇಳಿದೆವು. ಏನು ಕಷ್ಟ, ಏನು ಸುಲಭ? ಎಡಗೈಯಲ್ಲಿ ಹಿಡಿಯಬಲ್ಲೆ, ಎರಡೂ ಕೈ ಸೇರಿಸಲಾಗುವುದಿಲ್ಲ, ಓಡಲಾಗುವುದಿಲ್ಲ, ಆದರೆ ನಿಂತಲ್ಲೇ ತಿರುಗಬಲ್ಲೆ ಎಂದು ಸ್ಪಷ್ಟವಾಗಿ ಹೇಳಿದಳು. ಇದನ್ನು ಕೇಳಿದ ಪ್ರಶಿಕ್ಷಣಾರ್ಥಿಗೆ ಉಪಾಯ ಹೊಳೆಯಿತು: “ಹಾಗಾದರೆ ಟೆನ್ನಿಕಾಯ್ಟ್ ಆಡಿಸೋಣ.”

ಎಷ್ಟು ಸರಳ ನೋಡಿ. ಥ್ರೋಬಾಲ್‌ನಲ್ಲಿ ಚೆಂಡನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ಟೆನ್ನಿಕಾಯ್ಟ್‌ನಲ್ಲಿ ರಿಂಗನ್ನು ಒಂದೇ ಕೈಯಲ್ಲಿ ಹಿಡಿಯಬೇಕು, ಎರಡು ಕೈ ತಗುಲಿದರೆ ತಪ್ಪು. ಒಂದು ಆಟದ ಸಾಮಗ್ರಿ ಅವಳನ್ನು ಹೊರಗಿಟ್ಟಿತ್ತು, ಇನ್ನೊಂದು ಆಟದ ಸಾಮಗ್ರಿ ಎಲ್ಲರನ್ನೂ ಅವಳಂತೆ ಒಂದೇ ಕೈಯಲ್ಲಿ ಆಡುವವರನ್ನಾಗಿ ಮಾಡಿತು. ಎರಡೂ ಶಾಲೆಯ ಕಬ್ಬಿಣದ ಬೀರುವಿನಲ್ಲೇ ಇದ್ದವು.

ಓಟದ ತೊಂದರೆ ಉಳಿದಿತ್ತು. ಅಂಕಣದ ಪ್ರತಿ ಬದಿಯನ್ನೂ ಸುಣ್ಣದ ಗೆರೆಯಿಂದ ಆರು ಚೌಕಗಳಾಗಿ ಭಾಗಿಸಿದೆವು. ಒಬ್ಬೊಬ್ಬರಿಗೆ ಒಂದು ಚೌಕ, ಅದರಿಂದ ಹೊರಬರುವಂತಿಲ್ಲ. ಈ ನಿಯಮ ಎಲ್ಲರಿಗೂ. ಅವಳ ಚೌಕವನ್ನು ಮಾತ್ರ ತುಸು ಚಿಕ್ಕದಾಗಿಸಿದೆವು. ರಬ್ಬರ್ ರಿಂಗು ಬೆರಳಿನಿಂದ ಜಾರುತ್ತದೆ ಎಂದಾಗ ಅದಕ್ಕೆ ಹಳೆಯ ಹತ್ತಿ ಬಟ್ಟೆಯ ಪಟ್ಟಿ ಸುತ್ತಿದೆವು. ಹಿಡಿತ ಬಂತು, ವೇಗ ಸ್ವಲ್ಪ ತಗ್ಗಿತು. ಅದೇ ರಿಂಗಿನಲ್ಲಿ ಎಲ್ಲರೂ ಆಡಿದರು.

ಅಂದು ಅವಳು ಹಿಡಿದದ್ದಕ್ಕಿಂತ ಬಿಟ್ಟದ್ದೇ ಹೆಚ್ಚು. ಅವಳ ತಂಡ ಸೋತಿತು. “ನಿನ್ನಿಂದಾನೇ ಸೋತಿದ್ದು” ಎಂದು ಒಬ್ಬ ಹುಡುಗ ಕೂಗಿದ. ಪ್ರಶಿಕ್ಷಣಾರ್ಥಿ ಅವನನ್ನು ಗದರಿಸಲು ಹೊರಟರು. ಅಷ್ಟರಲ್ಲಿ ಅವಳೇ ತಿರುಗಿ, “ನೀನೂ ಎರಡ್ ಬಿಟ್ಟೆ, ನಾನು ಎಣಿಸಿದೀನಿ” ಎಂದಳು. ಅಂಕ ಬರೆದು ಪಳಗಿದವಳು, ಲೆಕ್ಕ ತಪ್ಪಲಿಲ್ಲ. ಜಗಳ ಸ್ವಲ್ಪ ಹೊತ್ತು ನಡೆಯಿತು. ಸೋಲುವುದು, ಬೈಸಿಕೊಳ್ಳುವುದು, ತಿರುಗಿ ಬೈಯುವುದು ಕೂಡ ಆಟದ ಪಾಲೇ. ಆ ಪಾಲು ಅವಳಿಗೆ ನಾಲ್ಕು ವರ್ಷ ಸಿಕ್ಕಿರಲಿಲ್ಲ.

ಸಾಮಗ್ರಿಯನ್ನು ನೋಡುವ ಬಗೆ

ಪ್ರಶಿಕ್ಷಣಾರ್ಥಿ ಮಿತ್ರರಿಗೆ ಪಟ್ಟಿಗಿಂತ ನೋಡುವ ಬಗೆ ಹೆಚ್ಚು ಉಪಯುಕ್ತ ಎಂದು ನನಗನಿಸುತ್ತದೆ. ಯಾವುದೇ ಸಾಮಗ್ರಿಯನ್ನು ಕೈಗೆತ್ತಿಕೊಂಡು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

ಮೊದಲನೆಯದು, ಇದು ಎಷ್ಟು ವೇಗವಾಗಿ ಬರುತ್ತದೆ? ಚೆಂಡಿನ ಗಾಳಿಯನ್ನು ಅರ್ಧ ಇಳಿಸಿದರೆ ಅದು ಕಡಿಮೆ ಪುಟಿಯುತ್ತದೆ, ಕೈಗೆ ಅಂಟಿದಂತೆ ನಿಲ್ಲುತ್ತದೆ. ಇದಕ್ಕೆ ಒಂದು ಪೈಸೆಯೂ ಬೇಡ. ಮರದ ಕೊಂಬೆಗೆ ಚೆಂಡನ್ನು ದಾರದಿಂದ ಕಟ್ಟಿದರೆ ಹೊಡೆದ ಚೆಂಡು ತಾನಾಗಿ ಹಿಂದಿರುಗುತ್ತದೆ, ಗಾಲಿಕುರ್ಚಿಯಲ್ಲಿರುವ ಮಗು ಅದರ ಹಿಂದೆ ಹೋಗಬೇಕಿಲ್ಲ.

ಎರಡನೆಯದು, ಇದನ್ನು ಹೇಗೆ ಹಿಡಿಯುವುದು? ಬೆರಳು ಪೂರ್ತಿ ಮಡಚದ ಮಗುವಿಗೆ ಬ್ಯಾಟಿನ ಹಿಡಿಗೆ ಬಟ್ಟೆ ಅಥವಾ ಸ್ಪಂಜು ಸುತ್ತಿ ದಪ್ಪ ಮಾಡಿದರೆ ಹಿಡಿತ ಸಿಗುತ್ತದೆ. ಎಸೆಯಲು ಅಕ್ಕಿ ಅಥವಾ ಕಾಳು ತುಂಬಿದ ಪುಟ್ಟ ಬಟ್ಟೆಚೀಲ ಚೆಂಡಿಗಿಂತ ಒಳ್ಳೆಯದು, ಬಿದ್ದಲ್ಲೇ ಉಳಿಯುತ್ತದೆ. ಎಸೆಯಲೇ ಆಗದ ಮಗುವಿಗೆ ಉದ್ದಕ್ಕೆ ಸೀಳಿದ ಪಿ.ವಿ.ಸಿ. ಪೈಪು ಸಾಕು, ಓರೆಯಾಗಿ ಇಟ್ಟು ಚೆಂಡನ್ನು ಉರುಳಿಸಬಹುದು.

ಮೂರನೆಯದು, ಇದು ಎಲ್ಲಿದೆ ಎಂದು ಹೇಗೆ ತಿಳಿಯುತ್ತದೆ? ಕಾಣದ ಮಗುವಿಗೆ ಸದ್ದು ಬೇಕು. ಚೆಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಟ್ಟಿದರೆ ಉರುಳುವಾಗ ಸರಸರ ಸದ್ದಾಗುತ್ತದೆ. ಮಂದದೃಷ್ಟಿಯ ಮಗುವಿಗೆ ನೆಲದ ಬಣ್ಣಕ್ಕೆ ಎದ್ದು ಕಾಣುವ ಬಣ್ಣ ಬೇಕು. ಕೆಂಪು ಮಣ್ಣಿನ ಮೈದಾನದಲ್ಲಿ ಕಂದು ಚೆಂಡು ಕಳೆದೇ ಹೋಗುತ್ತದೆ, ಹಳದಿ ಚೆಂಡು ಕಾಣುತ್ತದೆ. ಕೇಳದ ಮಗುವಿಗೆ ಶಿಳ್ಳೆ ವ್ಯರ್ಥ. ಶಿಳ್ಳೆಯ ಜೊತೆಗೆ ಬಣ್ಣದ ಬಾವುಟ ಎತ್ತಿದರೆ ಆಟ ನಿಂತದ್ದು ಅವನಿಗೂ ಅದೇ ಕ್ಷಣದಲ್ಲಿ ತಿಳಿಯುತ್ತದೆ.

ನಾಲ್ಕನೆಯದು, ಇದು ಎಷ್ಟು ಎತ್ತರದಲ್ಲಿ, ಎಷ್ಟು ದೂರದಲ್ಲಿದೆ? ಲಗೋರಿಯನ್ನೇ ತೆಗೆದುಕೊಳ್ಳಿ. ಬಿಲ್ಲೆಗಳನ್ನು ನೆಲದ ಮೇಲೆ ಪೇರಿಸಬೇಕೆಂದು ಯಾರು ಹೇಳಿದರು? ಒಂದು ಸ್ಟೂಲಿನ ಮೇಲೆ ಪೇರಿಸಿದರೆ ಗಾಲಿಕುರ್ಚಿಯಲ್ಲಿರುವ ಮಗುವೂ ಮರುಜೋಡಿಸಬಲ್ಲದು. ಕಲ್ಲಿನ ಬದಲು ಅಗಲವಾದ ಮರದ ತುಂಡುಗಳಾದರೆ ನಡುಗುವ ಕೈಗೂ ನಿಲ್ಲುತ್ತವೆ. ಆಟ ಲಗೋರಿಯೇ, ರೋಮಾಂಚನವೂ ಅದೇ.

ಎಚ್ಚರಿಕೆಯ ಮಾತುಗಳೂ ಇವೆ. ಗೆಜ್ಜೆಯ ಚೆಂಡು ಮಾಡಿದರೆ ಸಾಲದು, ಮೈದಾನದಲ್ಲಿ ಮೌನವನ್ನೂ ಕಲಿಸಬೇಕು. ಐವತ್ತು ಮಕ್ಕಳು ಕೂಗುತ್ತಿರುವಾಗ ಗೆಜ್ಜೆಯ ಸದ್ದು ಯಾರಿಗೂ ಕೇಳದು. ಬ್ಯಾಟನ್ನು ಕೈಗೆ ಬಿಗಿಯಾಗಿ ಕಟ್ಟಬಾರದು, ಮಗು ಬಿದ್ದಾಗ ಕೈ ಬಿಡಿಸಿಕೊಳ್ಳುವಂತಿರಬೇಕು. ಸ್ಪೈನಾ ಬೈಫಿಡಾ ಇರುವ ಮಕ್ಕಳಲ್ಲಿ ಲ್ಯಾಟೆಕ್ಸ್ ಅಲರ್ಜಿ ಹೆಚ್ಚು, ಅವರ ಕೈಗೆ ಬಲೂನು ಕೊಡುವ ಮೊದಲು ಪೋಷಕರನ್ನು ಕೇಳಬೇಕು. ಒಡೆದ ಬಲೂನಿನ ಚೂರು ಚಿಕ್ಕ ಮಕ್ಕಳ ಗಂಟಲಿಗೂ ಅಪಾಯ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳ ಕುತ್ತಿಗೆಯ ಕೀಲು ದುರ್ಬಲವಾಗಿರಬಹುದು, ವೈದ್ಯರ ಸಲಹೆಯಿಲ್ಲದೆ ಅವರಿಂದ ಉರುಳುಲಾಗ ಹಾಕಿಸಬಾರದು. ಅನುಮಾನವಿದ್ದಲ್ಲಿ ತಾಲ್ಲೂಕಿನ ಬಿ.ಐ.ಇ.ಆರ್.ಟಿ. ಶಿಕ್ಷಕರನ್ನು ಕೇಳಿ. ಅಪಾಯದ ಭಯ ವಿಚಾರಿಸಲು ಕಾರಣವಾಗಲಿ, ಮಗುವನ್ನು ಕಟ್ಟೆಯ ಮೇಲೆ ಕೂರಿಸಲು ನೆಪವಾಗದಿರಲಿ.

ಇನ್ನೊಂದು ಮಾತು, ಸಹಾಯ ಮಾಡುವವರ ಬಗ್ಗೆ. ಬೋಚಾ ಎಂಬ ಆಟದಲ್ಲಿ ತೀವ್ರ ದೈಹಿಕ ಮಿತಿ ಇರುವ ಆಟಗಾರರು ಇಳಿಜಾರು ಹಲಗೆಯ ಮೂಲಕ ಚೆಂಡು ಉರುಳಿಸುತ್ತಾರೆ. ಹಲಗೆ ಹಿಡಿಯಲು ಒಬ್ಬ ಸಹಾಯಕರಿರುತ್ತಾರೆ. ಆದರೆ ಆ ಸಹಾಯಕರು ಅಂಕಣಕ್ಕೆ ಬೆನ್ನು ಹಾಕಿರಬೇಕು, ತಿರುಗಿ ನೋಡುವಂತಿಲ್ಲ. ಹಲಗೆಯನ್ನು ಎತ್ತ ತಿರುಗಿಸಬೇಕೆಂದು ಹೇಳುವವರು ಆಟಗಾರರೇ. ನಮ್ಮ ಶಾಲೆಗಳಲ್ಲಿ ‘ಗೆಳೆಯನ ನೆರವು’ ಎಂಬ ಹೆಸರಿನಲ್ಲಿ ಗೆಳೆಯನೇ ಆಡಿಬಿಡುತ್ತಾನೆ, ಮಗು ಕೈ ಮಾತ್ರ ಕೊಟ್ಟಿರುತ್ತದೆ. ನೆರವಿನವರು ಕೈಯಾಗಲಿ, ತಲೆಯಾಗುವುದು ಬೇಡ.

ಎದುರಾಗುವ ಆಕ್ಷೇಪಗಳು

ಸಹೋದ್ಯೋಗಿಗಳ ಜೊತೆ ಮಾತನಾಡಿದಾಗ ಕೆಲವು ಆಕ್ಷೇಪಗಳು ಬಂದವು. ಅವು ಹುರುಳಿಲ್ಲದವೆಂದು ನಾನು ಹೇಳುವುದಿಲ್ಲ.

ಹಣವಿಲ್ಲ ಎಂಬುದು ಮೊದಲನೆಯದು. ಮೇಲೆ ಹೇಳಿದ್ದರಲ್ಲಿ ಬಹುಪಾಲು ಮನೆಯ, ಶಾಲೆಯ ಹಳೆಯ ಸಾಮಾನಿನಿಂದ ಆಗುವಂಥದ್ದು. ಆದರೂ ಇಲ್ಲಿ ನಾನೊಂದು ಮಿತಿಯನ್ನು ಒಪ್ಪುತ್ತೇನೆ. ಎಲ್ಲವನ್ನೂ ಕಸದಿಂದ ರಸ ಎಂದು ಮಾಡುತ್ತಾ ಹೋದರೆ ವಿಶೇಷಚೇತನ ಮಕ್ಕಳಿಗೆ ಯಾವಾಗಲೂ ಹರಕು ಸಾಮಾನು, ಉಳಿದವರಿಗೆ ಅಂಗಡಿಯ ಹೊಸ ಚೆಂಡು ಎಂದಾಗುತ್ತದೆ. ಶಾಲೆಗೆ ಆಟದ ಸಾಮಗ್ರಿ ಕೊಳ್ಳುವಾಗ ಸದ್ದು ಮಾಡುವ ಒಂದು ಚೆಂಡು, ಹಗುರವಾದ ಒಂದು ಚೆಂಡು ಪಟ್ಟಿಯಲ್ಲಿ ಸೇರಲಿ.

ಎರಡನೆಯದು ಸಮಯ. ನಲವತ್ತು ನಿಮಿಷ, ಐವತ್ತು ಮಕ್ಕಳು, ಒಬ್ಬ ಶಿಕ್ಷಕ. ಒಂದು ಮಗುವಿಗಾಗಿ ಬೇರೆ ಚಟುವಟಿಕೆ ಹೂಡುವುದು ಕಷ್ಟವೇ. ಅದಕ್ಕಾಗಿಯೇ ನಾನು ಬೇರೆ ಚಟುವಟಿಕೆಯನ್ನು ಹೇಳುತ್ತಿಲ್ಲ. ಎಲ್ಲರ ಆಟದ ಸಾಮಗ್ರಿಯನ್ನೇ ಬದಲಿಸಿದರೆ ಪಾಠ ಒಂದೇ ಆಗುತ್ತದೆ. ನಮ್ಮ ಬಲೂನಿನ ಪಾಠ ಎರಡು ಕಡೆ ಗಮನ ಬೇಡಿತು, ರಿಂಗಿನ ಪಾಠ ಒಂದೇ ಕಡೆ.

ಮೂರನೆಯದು, ಉಳಿದ ಮಕ್ಕಳ ಆಟದ ಮಟ್ಟ ಇಳಿಯುತ್ತದೆ ಎಂಬುದು. ವಲಯ ಮಟ್ಟದ ಕ್ರೀಡಾಕೂಟಕ್ಕೆ ತಂಡ ಸಿದ್ಧಪಡಿಸುವ ಅಭ್ಯಾಸ ಬೇರೆ, ಎಲ್ಲ ಮಕ್ಕಳ ಹಕ್ಕಾದ ದೈಹಿಕ ಶಿಕ್ಷಣದ ಅವಧಿ ಬೇರೆ. ಇವೆರಡನ್ನು ಬೆರೆಸಿದ್ದರಿಂದಲೇ ವಿಶೇಷಚೇತನ ಮಕ್ಕಳ ಜೊತೆಗೆ ದಪ್ಪಗಿರುವವರು, ಅಂಜುವವರು, ನಿಧಾನದವರು ಎಲ್ಲರೂ ಮೈದಾನದ ಅಂಚಿಗೆ ಸರಿದಿದ್ದಾರೆ. ಚೌಕ ಹಾಕಿ ಆಡಿಸಿದ ದಿನ ನಾನು ಗಮನಿಸಿದ್ದು ಇದು: ಪ್ರತಿ ಸಲ ಎಲ್ಲ ರಿಂಗನ್ನೂ ತಾವೇ ಹಿಡಿಯುವ ಇಬ್ಬರು ಜೋರಿನ ಹುಡುಗರು ಅಂದು ತಮ್ಮ ಚೌಕದಲ್ಲಿ ನಿಲ್ಲಬೇಕಾಯಿತು. ಯಾವತ್ತೂ ರಿಂಗು ಮುಟ್ಟದ ಹಲವರಿಗೆ ಅಂದು ಅದು ಸಿಕ್ಕಿತು.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 16ನೇ ಪ್ರಕರಣ ಶಿಕ್ಷಣದ ಜೊತೆಗೆ ಕ್ರೀಡೆ ಮತ್ತು ಮನರಂಜನೆಯಲ್ಲೂ ಇತರರೊಡನೆ ಸಮಾನ ಅವಕಾಶ ಕೊಡಬೇಕೆನ್ನುತ್ತದೆ. 30ನೇ ಪ್ರಕರಣ ಕ್ರೀಡಾ ಸೌಲಭ್ಯಗಳನ್ನು ಅವರಿಗೆ ತಕ್ಕಂತೆ ಮರುರೂಪಿಸುವ ಮಾತನ್ನಾಡುತ್ತದೆ. ಭಾರತ 2007ರಲ್ಲಿ ಸ್ಥಿರೀಕರಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯ 30ನೇ ವಿಧಿಯೂ ಶಾಲೆಯೊಳಗಿನ ಆಟವನ್ನು ಹೆಸರಿಸಿಯೇ ಹೇಳುತ್ತದೆ. ಸಮನ್ವಯ ಶಿಕ್ಷಣದ ಪತ್ರಿಕೆಯಲ್ಲಿ ಇವನ್ನೆಲ್ಲ ನಾವು ಪಾಠ ಮಾಡುತ್ತೇವೆ, ಪರೀಕ್ಷೆಯಲ್ಲಿ ಪ್ರಶ್ನೆ ಕೇಳುತ್ತೇವೆ. ಅದೇ ಪ್ರಶಿಕ್ಷಣಾರ್ಥಿ ಮೈದಾನದಲ್ಲಿ ಮಗುವನ್ನು ಮರದ ಕೆಳಗೆ ಕೂರಿಸಿದಾಗ ಅಂಕ ಕೊಡುತ್ತೇವೆ.

ನನ್ನ ಮೂರು ಸಲಹೆಗಳು

ಮೊದಲನೆಯದು, ಪಾಠಯೋಜನೆಯ ನಮೂನೆಯಲ್ಲಿ ‘ಕಲಿಕೋಪಕರಣಗಳು’ ಎಂಬ ಅಂಕಣದ ಕೆಳಗೆ ಒಂದು ಪ್ರಶ್ನೆ ಸೇರಲಿ: ಈ ಸಾಮಗ್ರಿಯಿಂದ ನನ್ನ ತರಗತಿಯಲ್ಲಿ ಯಾರು ಹೊರಗುಳಿಯಬಹುದು? ಇದಕ್ಕೆ ಉತ್ತರ ಬರೆಯಬೇಕಾದರೆ ಪ್ರಶಿಕ್ಷಣಾರ್ಥಿ ಪಾಠಕ್ಕೆ ಮೊದಲು ಒಂದು ದಿನವಾದರೂ ಆ ಮಕ್ಕಳನ್ನು ನೋಡಿರಬೇಕು, ಮಾತನಾಡಿಸಿರಬೇಕು.

ಎರಡನೆಯದು, ಅವಲೋಕನ ಪತ್ರದಲ್ಲಿ ‘ಉತ್ತಮ’, ‘ಸಾಧಾರಣ’ಗಳ ಬದಲು ಎಣಿಕೆ ಬರಲಿ. ವಿಶೇಷ ಅಗತ್ಯವುಳ್ಳ ಮಗು ಈ ಅವಧಿಯಲ್ಲಿ ಎಷ್ಟು ಸಲ ಚೆಂಡು ಮುಟ್ಟಿತು? ಎಣಿಸುವುದು ಕಷ್ಟವಲ್ಲ. ನಾನು ಆ ಮೊದಲ ದಿನ ಎಣಿಸಿದ್ದರೆ ಸೊನ್ನೆ ಎಂದು ಬರೆಯಬೇಕಾಗುತ್ತಿತ್ತು. ಸೊನ್ನೆಯ ಪಕ್ಕದಲ್ಲಿ ‘ಉತ್ತಮ’ ಎಂದು ಬರೆಯಲು ಯಾರ ಕೈಯೂ ಬರುವುದಿಲ್ಲ.

ಮೂರನೆಯದು ನಮಗೆ, ಅಂದರೆ ಬೋಧಕರಿಗೆ. ಸೂಕ್ಷ್ಮ ಬೋಧನೆಗೆ ಮೊದಲು ನಾವು ಮಾದರಿ ಪಾಠ ಮಾಡಿ ತೋರಿಸುತ್ತೇವಲ್ಲ, ಅವುಗಳಲ್ಲಿ ಒಂದಾದರೂ ಮೈದಾನದಲ್ಲಿ ನಡೆಯಲಿ, ಹೊಂದಿಸಿದ ಸಾಮಗ್ರಿಯಿಂದ ನಡೆಯಲಿ, ನಿಜವಾದ ಮಕ್ಕಳ ಮುಂದೆ ನಡೆಯಲಿ. ಸಾಮಗ್ರಿ ತಯಾರಿಕೆಯ ಕಾರ್ಯಾಗಾರದಲ್ಲಿ ಥರ್ಮೋಕೋಲಿನ ಮಾದರಿಗಳಿಗೆ ಕೊಡುವ ಸಮಯದಲ್ಲಿ ಅರ್ಧವನ್ನು ಗೆಜ್ಜೆಯ ಚೆಂಡು, ಕಾಳಿನ ಚೀಲ, ಪೈಪಿನ ಇಳಿಜಾರುಗಳಿಗೆ ಕೊಡೋಣ. ನಮ್ಮ ಪಾಠ ಕೆಡಬಹುದು. ಬಲೂನಿನ ಪಾಠ ನನ್ನ ಮಾರ್ಗದರ್ಶನದಲ್ಲೇ ಕೆಟ್ಟಿತು. ಕೆಟ್ಟದ್ದನ್ನು ಪ್ರಶಿಕ್ಷಣಾರ್ಥಿಗಳು ನೋಡಿದ್ದು ಒಳ್ಳೆಯದೇ ಆಯಿತು, ತಿದ್ದುವ ದಾರಿಯನ್ನೂ ಅವರು ನೋಡಿದರು.

ಅಭ್ಯಾಸ ಬೋಧನೆ ಮುಗಿಯುವ ವಾರ ನಾನು ಮತ್ತೆ ಆ ಶಾಲೆಗೆ ಹೋದೆ. ಏಳನೇ ತರಗತಿಯವರು ಟೆನ್ನಿಕಾಯ್ಟ್ ಆಡುತ್ತಿದ್ದರು. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಅಂಕ ಯಾರು ಬರೆಯುತ್ತಿದ್ದಾರೆ ಎಂದು ಕೇಳಿದೆ. ಸರದಿ ಮಾಡಿಕೊಂಡಿದ್ದೇವೆ ಎಂದರು. ಅಂದು ಬರೆಯುವ ಸರದಿ “ನಿನ್ನಿಂದಾನೇ ಸೋತಿದ್ದು” ಎಂದ ಆ ಹುಡುಗನದು. ಗೆರೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬರೆಯುತ್ತಿದ್ದ, ಯಾವಾಗ ತನ್ನ ಸರದಿ ಮುಗಿದೀತು ಎಂದು ಚಡಪಡಿಸುತ್ತಿದ್ದ. ಹೊಸ ಸಾಲಿನಲ್ಲಿ ಆ ತರಗತಿ ಎಂಟಕ್ಕೆ ಹೋಗುತ್ತದೆ, ಶಾಲೆ ಬದಲಾಗುತ್ತದೆ, ಶಿಕ್ಷಕರೂ ಬದಲಾಗುತ್ತಾರೆ. ಅಲ್ಲಿ ಅವಳ ಕೈಗೆ ರಿಂಗು ಕೊಡುತ್ತಾರೋ ಮತ್ತೆ ನೋಟ್‌ಬುಕ್ ಕೊಡುತ್ತಾರೋ ಎಂಬುದು ಅಲ್ಲಿ ಪಾಠ ಮಾಡಲಿರುವ ಶಿಕ್ಷಕರನ್ನು ಅವಲಂಬಿಸಿದೆ. ಆ ಶಿಕ್ಷಕರು ಈ ಸಂಚಿಕೆಯನ್ನು ಓದುತ್ತಿರುವ ನಿಮ್ಮಲ್ಲೇ ಒಬ್ಬರಿರಬಹುದು.